ಕಚ್ಚುವ ವಾಲ್ವಿನ ಮೇಡಂ

ಕೆಮಿಕಲ್ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಾನು ಫಿಟ್ಟರ್, ಮೇಡಂ ಅಲ್ಲಿ ಪಾಠ ಹೇಳುವವರು. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಒಂದು ದಿನವೂ ಹೊಂದಿಬರಲಿಲ್ಲ.

ಗೊಬ್ಬರದ ಕಾರ್ಖಾನೆಯಲ್ಲಿ ದುಡಿದು ಬಂದವರು ಅವರು. ಎಡ ಮುಂಗೈ ಮೇಲೆ ಹಬೆ ಸುಟ್ಟ ಕಲೆ. ಮದುವೆಯಾಗದೆ ತಮ್ಮನ ಮಗಳನ್ನು ಸಾಕಿದರು. ಆ ಹುಡುಗಿಗೂ ನಗು ಕಡಿಮೆ; ಅತ್ತೆಯ ತರಬೇತಿ.

ಲ್ಯಾಬಿನಲ್ಲಿ ಗಾಜಿನ ಟ್ಯಾಂಕುಗಳಿದ್ದವು. ನೀರು ಕೆಂಪು ಗೆರೆಯ ಮೇಲೇ ನಿಲ್ಲಬೇಕು. ಗೆರೆ ದಾಟಿದರೆ ವಾಲ್ವು ತಾನಾಗಿ ಮುಚ್ಚಬೇಕು, ಇಳಿದರೆ ತೆರೆಯಬೇಕು. ವಾಲ್ವು ಎಷ್ಟು ತಿರುಗಬೇಕು, ಎಷ್ಟು ಬೇಗ ಎಂದು ಕಂಟ್ರೋಲರ್ ಪೆಟ್ಟಿಗೆಗೆ ಅಂಕಿ ಕೊಡುವುದೇ ಹುಡುಗರ ಪಾಠ. ಮೊದಲ ವಾರ ಮೇಡಂ ಪೆಟ್ಟಿಗೆ ಮುಟ್ಟಗೊಡುತ್ತಿರಲಿಲ್ಲ. ಕೈಯಲ್ಲೇ ವಾಲ್ವು ತಿರುಗಿಸಿ ಹತ್ತು ನಿಮಿಷ ಗೆರೆ ಕಾಯಬೇಕು.

"ಗಾಬರಿಬಿದ್ದು ತಿರುಗಿಸ್ತೀಯ. ತಡಿ. ನೀರಿಗೆ ನಿನ್ನಷ್ಟು ಅವಸರ ಇಲ್ಲ," ಎನ್ನುವರು.

ಆ ವಾಲ್ವು ಕಚ್ಚಿಕೊಳ್ಳುತ್ತಿತ್ತು. ಅರ್ಧಕ್ಕೆ ನಿಂತು, ಆಮೇಲೆ ಒಮ್ಮೆಲೇ ಜಿಗಿಯುವುದು. ಬಂದವರೆಲ್ಲ ಫಿಟ್ಟರ್ ದಂಡಪಿಂಡ ಎಂಬಂತೆ ನನ್ನ ಮುಖ ನೋಡುವರು.

"ಬಿಚ್ಚಿ ಸರಿ ಮಾಡ್ತೀನಿ ಮೇಡಂ."

"ಮುಟ್ಬೇಡಿ. ಫ್ಯಾಕ್ಟರಿ ವಾಲ್ವೂ ಹೀಗೇ ಇರೋದು. ಇದರ ಜೊತೆ ಏಗಿದೋರು ಅಲ್ಲೂ ಏಗ್ತಾರೆ."

"ಮರ್ಯಾದೆ ಹೋಗೋದು ನಂದು."

"ನಿಮ್ಮ ಮರ್ಯಾದೆ ಪೈಪಿನೊಳಗಿದ್ಯಾ?"

ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಟ್ಯಾಂಕು ಗುಜರಿಗೆ ಹಾಕಿ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕಲಿಸೋಣ ಎಂದರು. ಮೇಡಂ ಪಂಥ ಕಟ್ಟಿದರು: ಕಂಪ್ಯೂಟರಿನಲ್ಲಿ ಕಲಿತ ಹುಡುಗ ಅಲ್ಲಿನ ಅಂಕಿ ಹಾಕಿ ಇಲ್ಲಿ, ಈ ಕಚ್ಚುವ ವಾಲ್ವಿನಲ್ಲಿ ನೀರು ನಿಲ್ಲಿಸಲಿ, ನಿಲ್ಲಿಸಿದರೆ ಟ್ಯಾಂಕು ಒಯ್ಯಿರಿ. ಇದು ನನಗೆ ಗೊತ್ತಾದದ್ದು ಆಮೇಲೆ. ನನಗೆ ಅವರು ಹೇಳಿದ್ದು, "ನಾಳೆ ಮುಖ್ಯಸ್ಥರು ನೋಡೋಕೆ ಬರ್ತಾರೆ, ನೆಲ ಒರೆಸಿ," ಅಷ್ಟೇ.

ನನಗೆ ಪಿತ್ತ ನೆತ್ತಿಗೇರಿತು. ಮುಖ್ಯಸ್ಥರ ಮುಂದೆಯೂ ನನ್ನ ಮಾನ ಹೋಗಬೇಕೆ? ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ವಾಲ್ವು ಬಿಚ್ಚಿ, ತುಕ್ಕು ಉಜ್ಜಿ, ಸೋರದಂತೆ ಹೊಸ ಪ್ಯಾಕಿಂಗ್ ಕೂರಿಸಿ ಗ್ರೀಸ್ ಹಚ್ಚಿದೆ.

ಮುಖ್ಯಸ್ಥರು ಕರೆತಂದ ಹುಡುಗ ಕಂಪ್ಯೂಟರಿನ ಅಂಕಿಯನ್ನೇ ಪೆಟ್ಟಿಗೆಗೆ ಹಾಕಿದ. ನೀರು ಏರಿತು, ಒಮ್ಮೆ ತೂಗಾಡಿತು, ಗೆರೆಯ ಮೇಲೆ ನಿಂತಿತು.

"ಏನ್ ಮೇಡಂ, ನಿಂತೇಬಿಡ್ತಲ್ಲ," ಎಂದರು ಮುಖ್ಯಸ್ಥರು.

ಮೇಡಂ ವಾಲ್ವಿನ ಕಡ್ಡಿಯ ಮೇಲೆ ಬೆರಳಾಡಿಸಿದರು. ಬೆರಳಿಗೆ ಗ್ರೀಸ್ ಅಂಟಿತು. ನಾನು ಎದೆಯುಬ್ಬಿಸಿ ನಿಂತಿದ್ದೆ. ಇವರು ಬೆಳಿಗ್ಗೆ ರಿಪೇರಿ ಮಾಡಿದ್ದಾರೆ ಎಂದು ಮೇಡಂ ಬಾಯಿಬಿಟ್ಟಿದ್ದರೆ ಪಂಥ ಉಳಿಯುತ್ತಿತ್ತು. ಬಿಡಲಿಲ್ಲ. ಬೆರಳನ್ನು ನನ್ನ ತೋಳಿಗೆ ಒರೆಸಿ, "ಒಳ್ಳೇ ಕೆಲಸ," ಎಂದು ಹೊರಗೆ ಹೋದರು. ಹನ್ನೆರಡು ವರ್ಷದಲ್ಲಿ ಅದೊಂದೇ ಹೊಗಳಿಕೆ.

ಟ್ಯಾಂಕು ಬಿಚ್ಚುವ ಕೆಲಸವೂ ನನ್ನ ತಲೆಗೇ ಬಂತು. ಮೇಡಂ ಪಕ್ಕದಲ್ಲೇ ನಿಂತಿದ್ದರು.

"ಪಂಥ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದೆ.

"ಬಿಚ್ತೀನಿ ಅಂತ ನೀವು ಹೇಳಬಾರದಿತ್ತಾ?"

"ಹನ್ನೆರಡು ವರ್ಷ ಹೇಳಿದ್ನಲ್ಲ."

"ಹನ್ನೆರಡು ವರ್ಷ ಬೇಡ ಅಂದ್ನಲ್ಲ."

ಕೊನೆಯ ನಟ್ಟಿಗೆ ಅವರು ಸ್ಪ್ಯಾನರ್ ಕೇಳಿ ಕೈ ಚಾಚಿದರು. ನಾನು ಕೊಡಲಿಲ್ಲ. "ಮುಟ್ಬೇಡಿ," ಎಂದೆ.