ಯೂಜೆಫ್ ಯಾರ ಸೈನಿಕ?

2016ರಲ್ಲಿ ನಾನು ಚಿಕಾಗೋ ಉಪನಗರಗಳ ಒಂದು ದಿನಪತ್ರಿಕೆಯಲ್ಲಿ ನಿಧನವಾರ್ತೆ ವಿಭಾಗ ನೋಡಿಕೊಳ್ಳುತ್ತಿದ್ದೆ. ಕಚೇರಿ ಎಲ್ಕ್ ಗ್ರೋವ್ ವಿಲೇಜ್‌ನ ಗೋದಾಮುಗಳ ನಡುವೆ ಇತ್ತು. ಮನೆಯವರು ಏನೇ ಹೇಳಲಿ, ಕಾಗದ ನೋಡದೆ ಅಚ್ಚು ಹಾಕುವಂತಿಲ್ಲ ಎಂಬುದು ನಮ್ಮ ನಿಯಮ. ಆ ವಾರ ನಾನು ತಪ್ಪು ಮಾಡಿದ್ದೂ ಆ ನಿಯಮ ಪಾಲಿಸಿಯೇ.

ಗುರುವಾರ ಯೂಜೆಫ್ ಎಂಬ ತೊಂಬತ್ತೊಂದು ವರ್ಷದ ನಿವೃತ್ತ ಕಾರ್ಖಾನೆ ಕೆಲಸಗಾರರ ಬಗ್ಗೆ ಬರೆದೆ. ಅಂತ್ಯಕ್ರಿಯೆ ನಡೆಸುವ ಫ್ಯೂನರಲ್ ಹೋಮ್ ಕಳಿಸಿದ್ದ ಸೇನಾ ಬಿಡುಗಡೆ ಪತ್ರ 1948ರದು. ಅದರ ಮೇಲೆ ಬ್ರಿಟಿಷ್ ಮುದ್ರೆ ಇತ್ತು. ‘ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ಹೋರಾಡಿದವರು’ ಎಂದು ವೆಬ್‌ಸೈಟಿಗೆ ಹಾಕಿದೆ. ಭಾನುವಾರದ ಪತ್ರಿಕೆಗೂ ಅದೇ ಹೋಗಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಅವರ ಮಗಳು ಹಲೀನಾ ಫೋನ್ ಮಾಡಿದರು.

“ನಮ್ಮಪ್ಪ ಬ್ರಿಟಿಷ್ ಸೈನಿಕನಾಗಿ ಒಂದು ಗುಂಡೂ ಹಾರಿಸಿಲ್ಲ. ಅವರು ಪೋಲಿಷ್ ಸೇನೆಯವರು.”

“ಕಾಗದದಲ್ಲಿ ಹಾಗಿದೆ, ಮೇಡಂ.”

“ನೀವು ಇಂಡಿಯಾದವರಲ್ವಾ? ಮೊಂಟೆ ಕಸ್ಸಿನೋ ಬೆಟ್ಟದಲ್ಲಿ ನಮ್ಮವರಿಗಿಂತ ಮೊದಲು ಸತ್ತಿದ್ದು ನಿಮ್ಮವರು. ಅವರನ್ನೂ ಬ್ರಿಟಿಷರು ಅಂತಲೇ ಬರೀತೀರಾ?”

ಇಟಲಿಯ ಆ ಬೆಟ್ಟದಲ್ಲಿ ಭಾರತೀಯ ಡಿವಿಷನ್ ಕಾದಾಡಿದ್ದು ನನಗೆ ಗೊತ್ತೇ ಇರಲಿಲ್ಲ. ಅವರು ಹೇಳುತ್ತಾ ಹೋದದ್ದನ್ನು ಬರೆದುಕೊಂಡೆ.

ಅವರು ಹೇಳಿದ್ದನ್ನು ಆಮೇಲೆ ಪರಿಶೀಲಿಸಿದೆ. 1939ರಲ್ಲಿ ಪೋಲೆಂಡನ್ನು ಒಂದು ಕಡೆಯಿಂದ ಜರ್ಮನಿ, ಇನ್ನೊಂದು ಕಡೆಯಿಂದ ಸೋವಿಯತ್ ಒಕ್ಕೂಟ ಆಕ್ರಮಿಸಿದವು. ಯೂಜೆಫ್ ಕುಟುಂಬವನ್ನು ಸೋವಿಯತ್ತರು ಗಡೀಪಾರು ಮಾಡಿದರು. 1941ರಲ್ಲಿ ಜರ್ಮನಿ ಸೋವಿಯತ್ ಮೇಲೂ ಎರಗಿದ ಬಳಿಕ ಬಿಡುಗಡೆಯಾದ ಇಂಥವರಿಂದಲೇ ಒಂದು ಪೋಲಿಷ್ ಸೇನೆ ಕಟ್ಟಲಾಯಿತು. ಇರಾನ್, ಪ್ಯಾಲೆಸ್ಟೈನ್ ದಾಟಿ ಇಟಲಿಗೆ ಬಂದ ಆ ಸೈನಿಕರು, ಬೇರೆ ಸೇನೆಗಳಿಗೆ ಹಿಡಿಯಲಾಗದ, ಬೆಟ್ಟದ ಮೇಲಿನ ಕಸ್ಸಿನೋ ಮಠವನ್ನು 1944ರ ಮೇ 18ರಂದು ಹಿಡಿದರು. ಯುದ್ಧ ಗೆದ್ದರೂ ಅವರ ಊರು ಸೋವಿಯತ್ ಪಾಲಾಯಿತು. 1946ರ ಲಂಡನ್ ವಿಜಯ ಮೆರವಣಿಗೆಯಲ್ಲಿ ಇವರು ನಡೆಯಲಿಲ್ಲ. ಅತಂತ್ರರಾದವರನ್ನು ನಾಗರಿಕ ಬದುಕಿಗೆ ಸೇರಿಸಲು ಬ್ರಿಟನ್ ತನ್ನ ಸೇನೆಯೊಳಗೇ ಒಂದು ಪುನರ್ವಸತಿ ದಳ ತೆರೆಯಿತು. ನಾನು ನೋಡಿದ ಪತ್ರ ಆ ದಳದ್ದು.

ಆದರೂ ತಿದ್ದಲು ಯೂಜೆಫ್ ಆ ಸೇನೆಯಲ್ಲಿದ್ದರೆಂಬ ಪುರಾವೆ ಬೇಕಿತ್ತು. ಮಧ್ಯಾಹ್ನ ಹಲೀನಾ ಅವರಿಗೆ ಫೋನ್ ಮಾಡಿ ಕೇಳಿದೆ.

“ಕಸ್ಸಿನೋ ಪದಕ ಇದೆ, ಹಿಂದೆ ನಂಬರ್ ಇದೆ,” ಎಂದರು ಹಲೀನಾ. “ಅದು ಅಪ್ಪನ ಕೋಟಿನ ಮೇಲಿದೆ. ನಾಳೆ ಬೆಳಿಗ್ಗೆ ಶವಪೆಟ್ಟಿಗೆ ಮುಚ್ಚುತ್ತಾರೆ. ಅಷ್ಟರೊಳಗೆ ಬನ್ನಿ.”

ತಡವಾಗುತ್ತದೆಂದು ಮನೆಗೆ ತಿಳಿಸಿದೆ. ನನ್ನ ಹೆಂಡತಿ ಧಾರವಾಡದವಳು. “ಹೆಣದ ಎದಿ ಮ್ಯಾಲಿನ ನಂಬರ್ ಬರ್ಕೊಳ್ಳಾಕ ಹೊಂಟೀರೇನು? ಛಲೋ ನೌಕರಿ ಹಿಡಿದೀರಿ ಬಿಡ್ರಿ! ಬಂದು ಮೊದ್ಲ ಜಳಕಾ ಮಾಡ್ರಿ, ಆಮ್ಯಾಲೆ ಊಟ,” ಎಂದಳು.

ಸಂಜೆ ಐದಕ್ಕೆ ಫ್ಯೂನರಲ್ ಹೋಮ್ ತಲುಪಿದೆ. ಹಲೀನಾ ಶಿಲುಬೆ ಆಕಾರದ ಆ ಕಂಚಿನ ಪದಕವನ್ನು ಬಿಚ್ಚಿ ನನ್ನ ಅಂಗೈಗಿಟ್ಟರು. ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಬರೆದುಕೊಂಡು, ಫೋಟೋ ತೆಗೆದೆ. ಅವರು ಅದನ್ನು ಮರಳಿ ಅಪ್ಪನ ಕೋಟಿಗೆ ಸಿಕ್ಕಿಸಿದರು.

“ನೇರ ಇದೆಯಾ?”

“ಸ್ವಲ್ಪ ಎಡಕ್ಕೆ,” ಎಂದೆ.

ಯಾವ ತುಕಡಿಗೆ ಯಾವ ಸಂಖ್ಯೆಗಳು ಹೋದವು ಎಂಬ ಪಟ್ಟಿ ಇದ್ದ ಒಂದು ಪೋಲಿಷ್ ಗ್ರಂಥಾಲಯಕ್ಕೆ ಫೋಟೋ ಕಳಿಸಿದೆ. ಶನಿವಾರ ಮಧ್ಯಾಹ್ನ ಉತ್ತರ ಬಂತು: ಆ ಸಂಖ್ಯೆ ಒಂದು ಪೋಲಿಷ್ ರೈಫಲ್ ಬೆಟಾಲಿಯನ್ನಿನದು. ಆ ಹೊತ್ತಿಗೆ ಯೂಜೆಫ್ ಮಣ್ಣಾಗಿದ್ದರು. ಪುಟ ಮುಚ್ಚುವ ಗಡುವಿಗೆ ಇನ್ನೂ ಎರಡು ಗಂಟೆ ಇತ್ತು. ‘ಪೋಲಿಷ್ ಸೇನೆಯ ಸೈನಿಕನಾಗಿ ಮೊಂಟೆ ಕಸ್ಸಿನೋದಲ್ಲಿ ಹೋರಾಡಿದವರು’ ಎಂದು ತಿದ್ದಿದೆ. ವೆಬ್‌ಸೈಟಿನಲ್ಲಿ ತಪ್ಪು ನಮ್ಮದೆಂದು ಒಪ್ಪಿ ಟಿಪ್ಪಣಿ ಹಾಕಿದೆ.

ಸೋಮವಾರ ಹಲೀನಾ ಮತ್ತೆ ಫೋನ್ ಮಾಡಿದರು. “ಪತ್ರಿಕೆ ನೋಡಿದೆ. ಈಗ ನಿಮ್ಮವರ ಬಗ್ಗೆಯೂ ಓದಿ,” ಎಂದಷ್ಟೇ ಹೇಳಿದರು.

ಓದಿದೆ. ಕಸ್ಸಿನೋದಲ್ಲಿ ಕಾದಾಡಿದ ಭಾರತೀಯರನ್ನೂ ಎಷ್ಟೋ ಕಡೆ ಬ್ರಿಟಿಷ್ ಪಡೆ ಎಂದೇ ಬರೆದಿದ್ದರು. ಯೂಜೆಫ್ ಅವರ ಬಿಡುಗಡೆ ಪತ್ರ ಸುಳ್ಳು ಹೇಳಿರಲಿಲ್ಲ; ಸೈನಿಕನೊಬ್ಬನ ಕೊನೆಯ ಕಾಗದವನ್ನೇ ನಾನು ಇಡೀ ಕಥೆ ಎಂದುಕೊಂಡಿದ್ದೆ. ನಿವೃತ್ತನಾಗುವವರೆಗೂ ಪ್ರತಿ ಮನೆಯವರಿಗೆ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿದೆ: “ಅವರು ತಮ್ಮನ್ನು ಯಾರೆಂದು ಹೇಳಿಕೊಳ್ಳುತ್ತಿದ್ದರು?” ಅದನ್ನು ಕಲಿಸಿದ ಹಲೀನಾ ಅವರಿಗೆ ನಾನು ಇಂದಿಗೂ ಋಣಿ.