ಚಪಳಗಾಂವದ ಶಾಂತವ್ವ ಕೇಳಿದ್ದು

ಪರೀಕ್ಷೆಗೆಂದು ಗಾಜಿನ ಮೇಲೆ ಸವರಿದ ರಕ್ತಕ್ಕೆ ಹಾಕುವ ನೇರಳೆ ಬಣ್ಣಕ್ಕೆ ಒಂದು ವಾಸನೆಯಿದೆ. ಸ್ಪಿರಿಟ್ಟಿನ ಹಾಗೆ ಮೂಗಿಗೆ ಚುರುಕ್ಕೆಂದು ಏರುವಂಥದು. ಇವತ್ತು ಬೆಳಿಗ್ಗೆ ಪ್ರಯೋಗಾಲಯದಲ್ಲಿ ಯಾರೋ ಅದರ ಬಾಟಲಿ ತೆರೆದರು. ನಿಮಗೆ ಒಗ್ಗರಣೆಯ ವಾಸನೆಗೆ ತವರು ನೆನಪಾದರೆ ನನಗೆ ಇದಕ್ಕೆ ಸೊಲ್ಲಾಪುರ ನೆನಪಾಗುತ್ತದೆ. ಏನು ಮಾಡಲಿ, ನನ್ನ ಹಣೆಬರಹ ಹೀಗೆ.

ಎಪ್ಪತ್ತರ ದಶಕದ ನಡುವೆ ನಾನಲ್ಲಿ ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದೆ. ಅಪ್ಪನದು ಟವೆಲ್, ಚಾದರದ ಅಂಗಡಿ. ಬಂದ ಗಿರಾಕಿಗಳಿಗೆಲ್ಲ, 'ನಮ್ಮ ಹುಡುಗಿ ರಕ್ತಾ ಓದತಾಳ್ರಿ' ಎನ್ನುತ್ತಿದ್ದರು, ಪೇಪರು ಓದಿದಷ್ಟು ಸಲೀಸು ಎಂಬಂತೆ. ನನಗೂ ಜಂಭ ಕಡಿಮೆಯಿರಲಿಲ್ಲ. ಬಿಳಿ ಕೋಟನ್ನು ಚೀಲದಲ್ಲಿಡದೆ ತೋಳಿನ ಮೇಲೆ ಹಾಕಿಕೊಂಡು ನಡೆಯುತ್ತಿದ್ದೆ, ಓಣಿಯವರಿಗೆಲ್ಲ ಕಾಣಲಿ ಎಂದು.

ವಾರ್ಡಿನಲ್ಲಿ ನನಗೆ ಇನ್ನೊಂದು ಕೆಲಸವಿತ್ತು. ನಮ್ಮ ಸರ್ ಪುಣೆ ಕಡೆಯ ಮರಾಠಿಯವರು. ಹಳ್ಳಿಯವರ ಕನ್ನಡ ತಿಳಿಯದಾದಾಗ ನನ್ನನ್ನು ಕರೆಯುತ್ತಿದ್ದರು. ಹಾಗೆ ಪರಿಚಯವಾದವಳು ಚಪಳಗಾಂವದ ಶಾಂತವ್ವ. ತಂಗಿ ಕಸ್ತೂರಿಯನ್ನು ಅಕ್ಕಲಕೋಟದಿಂದ ಎಸ್.ಟಿ. ಬಸ್ಸಿನಲ್ಲಿ ಕರೆತಂದಿದ್ದಳು. ಕಸ್ತೂರಿಗೆ ಹತ್ತೊಂಬತ್ತು ವರ್ಷ. ಬಿಡದ ಜ್ವರ, ವಸಡಿನಿಂದ ರಕ್ತ, ಮೈತುಂಬ ನೀಲಿ ಕಲೆ. ಅವಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಿದವಳು ನಾನೇ. ಎಲ್ಲೆಲ್ಲೂ ಬಲಿಯದ ಬಿಳಿ ಕಣಗಳು. ಪುಸ್ತಕದಲ್ಲಷ್ಟೇ ಕಂಡಿದ್ದ ರಕ್ತದ ಕ್ಯಾನ್ಸರನ್ನು ಗುರುತಿಸಿದೆನಲ್ಲ ಎಂದು ಖುಷಿಪಟ್ಟೆ. ಆ ಖುಷಿಯನ್ನು ನಿಮ್ಮೆದುರು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ, ಹೇಳಿಬಿಟ್ಟೆ.

ಆಗ ನಮ್ಮಲ್ಲಿದ್ದದ್ದು ಒಂದಿಷ್ಟು ಗುಳಿಗೆ, ಸೂಜಿ, ಮತ್ತೆ ರಕ್ತ ಏರಿಸುವುದು. ಶಾಂತವ್ವನೂ ಒಂದು ಬಾಟಲಿ ಕೊಟ್ಟಳು. ಎರಡು ದಿನ ಕಸ್ತೂರಿಯ ಮುಖಕ್ಕೆ ಬಣ್ಣ ಬಂತು, ಮತ್ತೆ ಹೋಯಿತು. ಮರುದಿನ ಸರ್ ರೌಂಡಿಗೆ ಬಂದಾಗ ಶಾಂತವ್ವ ನನ್ನನ್ನು ಕೇಳಿದಳು.

'ಬಾಯಾರ, ರಕ್ತಾ ಎಲ್ಲಿ ಹುಟ್ಟತದರಿ?'

'ಎಲುಬಿನೊಳಗ, ತಿರುಳಿನ್ಯಾಗ.'

'ಹಂಗಾದ್ರ ಆಕಿ ತಿರುಳಽ ಕೆಟ್ಟದ. ನನ್ನ ತಿರುಳು ತಗದು ಆಕಿಗಿ ಹಾಕ್ರಿ. ಒಂದಽ ಹೊಟ್ಟ್ಯಾಗ ಹುಟ್ಟೀವಿ, ಯಾಕ ಹೊಂದಂಗಿಲ್ಲ?'

ಇದನ್ನು ನಾನು ಸರ್‌ಗೆ ಮರಾಠಿಯಲ್ಲಿ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಸಾಕಿತ್ತು. ನಾನು ಅವಳ ದನಿಯನ್ನೂ ಕೈ ಆಡಿಸುವ ರೀತಿಯನ್ನೂ ಸೇರಿಸಿದೆ. ಸರ್ ನಕ್ಕರು. ನಾನೂ ನಕ್ಕೆ. ಶಾಂತವ್ವ ನಮ್ಮಿಬ್ಬರ ಮುಖ ನೋಡಿ, ಮುಂದೇನೂ ಕೇಳದೆ, ತಂಗಿಯ ಹೊದಿಕೆ ಸರಿಮಾಡಿದಳು. ಹತ್ತು ದಿನಕ್ಕೆ ಕಸ್ತೂರಿ ತೀರಿಕೊಂಡಳು.

ಕೆಲವು ತಿಂಗಳ ಮೇಲೆ ಗ್ರಂಥಾಲಯದಲ್ಲಿ ಪರೀಕ್ಷೆಗೆಂದು ಬೇರೇನನ್ನೋ ಹುಡುಕುವಾಗ ಒಂದು ವಿದೇಶಿ ಪತ್ರಿಕೆ ಕೈಗೆ ಸಿಕ್ಕಿತು. ಅಲ್ಲಿಯ ವೈದ್ಯರು ಒಡಹುಟ್ಟಿದವರ ಎಲುಬಿನ ಮಜ್ಜೆ ತೆಗೆದು ಇಂಥ ರೋಗಿಗಳಿಗೆ ಕೊಡುತ್ತಿದ್ದರು. ಕೆಲವರು ಬದುಕಿದ್ದರು. ನಿಂತಲ್ಲೇ ಎರಡು ಸಲ ಓದಿದೆ.

ಆ ಭಾನುವಾರ ಅಕ್ಕಲಕೋಟಕ್ಕೆ ಹೋಗಿ, ಇನ್ನೊಂದು ಬಸ್ಸು ಹಿಡಿದು ಚಪಳಗಾಂವ ಮುಟ್ಟಿದೆ. ಶಾಂತವ್ವ ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಅವಳನ್ನು ಮೊದಲ ಸಲ ಅಕ್ಕಾ ಎಂದು ಕರೆದೆ.

'ಅಕ್ಕಾ, ಅವತ್ತ ನಕ್ಕಿದ್ದು ನಂದು ತಪ್ಪಾತು. ನೀ ಹೇಳಿದ್ದು ಖರೇನಽ ಅದ. ಪರದೇಶದಾಗ ಹಂಗಽ ಮಾಡಾಕತ್ತ್ಯಾರ.'

ಅವಳು ಕಟ್ಟೆಯ ಮೇಲೆ ಕುಳಿತಳು. 'ನಂದು ಆಕಿಗಿ ಹೊಂದತಿತ್ತೇನ್ರಿ?'

ಇದಕ್ಕೆ ನಾನು ಸಿದ್ಧಳಾಗಿ ಹೋಗಿರಲಿಲ್ಲ. ಹೌದೆಂದರೆ, ಉಳಿಯಬಹುದಾಗಿದ್ದ ತಂಗಿ ಹೋದಳೆಂಬ ಸಂಕಟ. ಇಲ್ಲವೆಂದರೆ ಅವಳಿಗೆ ಸಮಾಧಾನ, ಆದರೆ ಸುಳ್ಳು. ತಿಳಿಯಬೇಕಾದರೆ ಇಬ್ಬರ ರಕ್ತವನ್ನೂ ಪರೀಕ್ಷಿಸಬೇಕಿತ್ತು, ಕಸ್ತೂರಿ ಈಗ ಇರಲಿಲ್ಲ.

'ಗೊತ್ತಿಲ್ಲಕ್ಕಾ. ಒಂದಽ ತಾಯಿ ಮಕ್ಕಳಾದ್ರೂ ಎಲ್ಲಾರದ್ದೂ ಹೊಂದಂಗಿಲ್ಲ.'

ಅವಳು ಕೈಗಂಟಿದ ಧೂಳನ್ನು ಸೆರಗಿಗೆ ಒರೆಸಿದಳು. 'ಗೊತ್ತಿಲ್ಲಂದ್ರ ನಾ ಹೊಂದತಿತ್ತು ಅಂತಽ ತಿಳ್ಕೋತೀನ್ರಿ. ಆಕಿ ನನ್ನ ತಂಗಿ.' ಆಮೇಲೆ, 'ಬಿಸಲಾಗ ಬಂದೀರಿ, ಮಜ್ಜಿಗಿ ಕುಡೀರಿ' ಎನ್ನುತ್ತ ಒಳಗೆ ಹೋದಳು.

ಓದು ಮುಗಿದ ಮೇಲೆ ಮುಂಬೈ ಸೇರಿದೆ. ಯಾರ ಮಜ್ಜೆ ಯಾರಿಗೆ ಹೊಂದುತ್ತದೆ ಎಂಬ ಒಂದೇ ಪ್ರಶ್ನೆಯ ಹಿಂದೆ ಆಯುಷ್ಯ ಕಳೆದೆ. ಮಜ್ಜೆ ಹಾಕುವ ಆ ಚಿಕಿತ್ಸೆಯನ್ನು ಈಗ ಕಾಂಡಕೋಶ ಕಸಿ ಎನ್ನುತ್ತಾರೆ. ಎಷ್ಟೋ ಸಲ ಎಲುಬಿಗೆ ಸೂಜಿ ಚುಚ್ಚುವುದೂ ಬೇಡ, ತೋಳಿನ ರಕ್ತದಿಂದಲೇ ಕೋಶಗಳನ್ನು ಬೇರ್ಪಡಿಸುತ್ತಾರೆ. ಸಮಾರಂಭಗಳಲ್ಲಿ, ಈ ದಾರಿಗೆ ಹೇಗೆ ಬಂದಿರಿ ಎಂದು ಕೇಳಿದಾಗೆಲ್ಲ ಗುರುಗಳ ಹೆಸರು ಹೇಳುತ್ತ ಬಂದಿದ್ದೇನೆ. ಶಾಂತವ್ವನ ಹೆಸರು ಬರೆಯುತ್ತಿರುವುದು ಇದೇ ಮೊದಲು.

ಹೊರಗೆ ಬೆಂಚಿನ ಮೇಲೆ ಒಬ್ಬ ಅಣ್ಣ ಕಾಯುತ್ತಿದ್ದಾನೆ. ಅವನ ಮಜ್ಜೆ ತಮ್ಮನಿಗೆ ಹೊಂದಿಲ್ಲ. ವರದಿ ಈಗಷ್ಟೇ ಬಂತು. ಇಷ್ಟು ವರ್ಷ ಇಂಥ ವರದಿಗಳನ್ನು ಸಹಾಯಕರ ಕೈಲಿ ಕಳಿಸುತ್ತಿದ್ದೆ. ಇವತ್ತು ನಾನೇ ಹೋಗಿ ಅವನ ಪಕ್ಕ ಕೂಡುತ್ತೇನೆ. ಬೇರೆ ದಾನಿಗಳನ್ನು ಹುಡುಕುವ ದಾರಿಯಿದೆ, ಅದನ್ನು ಹೇಳಬೇಕು. ಆಮೇಲೆ ಅವನೇನಾದರೂ ಕೇಳಿದರೆ, ಕೇಳಿ ಮುಗಿಸುವ ತನಕ ಸುಮ್ಮನಿರುತ್ತೇನೆ.