ಖಾಲಿ ಕುರ್ಚಿಗೆ ಬರುವ ಫೋನು

ಸಣ್ಣ ಖಾಸಗಿ ವಿಶ್ವವಿದ್ಯಾಲಯದ ಬಗ್ಗೆ ಎಲ್ಲರೂ ಹೇಳುವ ಮಾತು ಒಂದೇ: ಅಲ್ಲಿ ಮೇಷ್ಟ್ರುಗಳಿಗೆ ಪ್ರತಿಯೊಬ್ಬರ ಹೆಸರೂ ಗೊತ್ತಿರುತ್ತದೆ. ಮಾತು ನಿಜ. ಆದರೆ ಹೆಸರು ಗೊತ್ತಿರುವುದು ಲಾಭವೇ ಎಂದು ತೀರ್ಮಾನಿಸಿದವರು ಯಾರು? ನನ್ನ ಹೆಸರು ಪೊಲೀಸ್ ಠಾಣೆಯಲ್ಲೂ ಎಲ್ಲರಿಗೂ ಗೊತ್ತಿದ್ದರೆ ಅದನ್ನೂ ಲಾಭದ ಪಟ್ಟಿಗೇ ಸೇರಿಸುತ್ತೀರಾ?

ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಕೂಗಾಡಿದವಳು ನಾನು, ತಕರಾರು ನನ್ನ ಚಟ. ಈ ಸಲ ಮಾತ್ರ ಅದು ಬರೀ ಚಟವಲ್ಲ. ಹರಿಯಬ್ಬೆ ಊರಿನಲ್ಲಿ ಕರೆಂಟಿನ ಲೈನ್‌ಮ್ಯಾನ್ ಆಗಿರುವ ಚಿಕ್ಕಪ್ಪನ ಮಗಳು ಸವಿತಾಗೆ ಎರಡು ಕಡೆ ಸೀಟು ಸಿಕ್ಕಿದೆ: ನಾನು ಓದಿದ ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲೂ, ಸಾವಿರಾರು ಮಂದಿಯ ದೊಡ್ಡ ಸರ್ಕಾರಿ ಕಾಲೇಜಿನಲ್ಲೂ. ಸೋಮವಾರದೊಳಗೆ ಒಂದನ್ನು ಆರಿಸಬೇಕು. ಅನುಭವಸ್ಥೆಯೆಂದು ನನ್ನನ್ನು ಕರೆಸಿದ್ದರು.

ನಮ್ಮ ತರಗತಿಯಲ್ಲಿದ್ದವರು ಒಂಬತ್ತೇ ಜನ. ಹಿಂದಿನ ಬೆಂಚು ಎಂಬುದೇ ಇರಲಿಲ್ಲ. ಒಬ್ಬರು ತೂಕಡಿಸಿದರೆ ಒಂಬತ್ತನೇ ಒಂದು ಭಾಗ ತರಗತಿಯೇ ತೂಕಡಿಸಿದಂತೆ. ಸಂಖ್ಯಾಶಾಸ್ತ್ರದ ಮೇಡಂ ಹಾಜರಿ ಕೂಗುತ್ತಿರಲಿಲ್ಲ. ಖಾಲಿ ಕುರ್ಚಿ ನೋಡಿ ಸೀದಾ ಮನೆಗೆ ಫೋನ್ ಮಾಡುತ್ತಿದ್ದರು. ಒಮ್ಮೆ ಗೆಳತಿಯ ಜೊತೆ ಪಾಠ ತಪ್ಪಿಸಿ ಜೋಗಿಮಟ್ಟಿ ಬೆಟ್ಟಕ್ಕೆ ಹೋಗಿದ್ದೆ. ಅರ್ಧ ದಾರಿಯಲ್ಲೇ ಅಪ್ಪನ ಫೋನು: "ಗಾಳಿ ಹೆಂಗೈತಮ್ಮ ಅಲ್ಲಿ?" ಉಳಿದ ಏಳು ಜನರಲ್ಲಿ ಮೇಡಂಗೆ ಚಾಡಿ ಹೇಳಿದವರು ಯಾರೆಂದು ಪತ್ತೆಹಚ್ಚಲು ನಮಗೂ ಎರಡೇ ನಿಮಿಷ ಸಾಕಾಯಿತು. ಸಣ್ಣ ಸಂಸ್ಥೆಯ ಅನುಕೂಲ ಇದೂ ಒಂದು.

ಸಂಖ್ಯಾಶಾಸ್ತ್ರ ನನ್ನ ತಲೆಗೆ ಹತ್ತದೆ ಹೋದಾಗ, ಊಟದ ಡಬ್ಬಿ ಪಕ್ಕಕ್ಕಿಟ್ಟು ದಿನವೂ ಕೂರಿಸಿಕೊಂಡು ಹೇಳಿಕೊಟ್ಟವರೂ ಅದೇ ಮೇಡಂ. ಕೇಳುವ ಮೊದಲೇ ನನ್ನ ಮುಖ ಓದಿದ್ದರು. ದೊಡ್ಡ ಕಾಲೇಜಿನಲ್ಲಾಗಿದ್ದರೆ ನನಗೆ ಏನೂ ಅರ್ಥವಾಗಿಲ್ಲವೆಂಬುದು ಫಲಿತಾಂಶ ಬರುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾದರೆ ವಾದ ಮುಗಿಯಿತೇ? ಎಲ್ಲಿಂದ! ಮೂರು ವರ್ಷವೂ ಚರ್ಚೆಯಲ್ಲಿ ನಾನೇ ಪ್ರಥಮ. ಸ್ಪರ್ಧಿಗಳೇ ಮೂವರು ಎಂಬುದನ್ನು ಮಾತ್ರ ಊರಲ್ಲಿ ಹೇಳಿರಲಿಲ್ಲ. ಹೊರಗಿನ ಸ್ಪರ್ಧೆಗೆ ಹೋದಾಗ ಸಿರಿಗೆರೆ ಕಡೆಯ ಹುಡುಗಿಯೊಬ್ಬಳು ಮೊದಲ ಸುತ್ತಿನಲ್ಲೇ, ಎರಡು ಪ್ರಶ್ನೆ ಕೇಳಿ ನನ್ನನ್ನು ಕೂರಿಸಿಬಿಟ್ಟಳು.

ಇಷ್ಟೆಲ್ಲ ಹೇಳಿದರೂ ಚಿಕ್ಕಪ್ಪನಿಗೆ ಹಿಡಿಸಿದ್ದು ಫೋನಿನ ಸಂಗತಿಯೊಂದೇ. "ಹುಡುಗಿ ಎಲ್ಲೈತೆ ಅಂತ ಕುಂತಲ್ಲೇ ಗೊತ್ತಾಗ್ತೈತೆ. ಇನ್ನೇನಮ್ಮ ಬೇಕು?"

"ಅದು ನಿನಗೆ ಅನುಕೂಲ ಚಿಕ್ಕಪ್ಪ. ಓದೋಳು ಅವ್ಳು."

"ನಿನ್ನ ಕರೆಸಿದ್ದು ಬುದ್ಧಿ ಹೇಳಾಕೆ ಕಣಮ್ಮ, ನನ್ ಮೇಲೆ ಕೇಸ್ ನಡ್ಸಾಕಲ್ಲ!"

ಸವಿತಾ ನನ್ನ ಕಡೆ ತಿರುಗಿದಳು. "ಅಕ್ಕ, ಹುಟ್ಟಿದಾಗಿಂದ ನಾನು ಲೈನ್‌ಮ್ಯಾನ್ ಮಗಳು. ಬಸ್ ಹತ್ತಿದ್ರೆ ಕಂಡಕ್ಟರೂ 'ನಿಮ್ಮಪ್ಪ ಹೆಂಗವ್ನೆ' ಅಂತಾರೆ. ಒಂದಷ್ಟು ವರ್ಷ ಯಾರಿಗೂ ಗೊತ್ತಿಲ್ದಂಗೆ ಇದ್ದು ನೋಡಾಣ ಅನ್ನಿಸ್ತೈತೆ." ಹಿಂದೆಯೇ ಸೇರಿಸಿದಳು: "ಆದ್ರೆ ಪಾಠ ಇಂಗ್ಲಿಷ್‌ನಾಗೆ. ಅರ್ಥ ಆಗ್ದಿದ್ರೆ ಆ ದೊಡ್ಡ ಕಾಲೇಜಿನಾಗೆ ನನ್ನ ಯಾರು ಕೇಳ್ತಾರೆ?"

ಚಿಕ್ಕಪ್ಪ ಮಗಳನ್ನು ಹೊಸದಾಗಿ ನೋಡುವಂತೆ ನೋಡಿದ. ಪರ-ವಿರೋಧ ಎರಡನ್ನೂ ನನಗಿಂತ ಚುಟುಕಾಗಿ ಅವಳೇ ಮಂಡಿಸಿದ್ದಳು. ತೀರ್ಪು ಕೊಡುವ ಅಧಿಕಾರ ನನಗಿರಲಿಲ್ಲ. ನನ್ನ ಬಳಿ ಉಳಿದದ್ದು ಒಂದೇ ಪ್ರಶ್ನೆ.

"ಸವಿತಾ, ಕ್ಲಾಸಲ್ಲಿ ಗುರುತಿಲ್ಲದ ಇನ್ನೂರು ಜನರ ಮಧ್ಯೆ ಎದ್ದು ನಿಂತು, 'ಸಾರ್, ನಂಗೆ ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ' ಅಂತ ನೀನೇ ಕೇಳ್ತೀಯಾ?"